ಕುದುರೆಗೆ ಒಂಟೆ

ಗೆದ್ದರೆ ಮಣೆಯ ಮೇಲೆ ಉಳಿದ ಕಾಯಿಗಳೆಲ್ಲ ಮತ್ತೆ ಮನುಷ್ಯರಾಗಿ ಮನೆಗೆ. ಸೋತರೆ ಆಡಿದವರೂ ಕಾಯಿ. ಬಹಳ ಹಿಂದೆ, ಮಣಿಪುಷ್ಕರ ರಾಜ್ಯದಲ್ಲಿ, ಧೂಮಕಂಠನೆಂಬ ಮಾಂತ್ರಿಕ ಹಾಕಿದ ಚದುರಂಗದ ಕರಾರು ಇದು. ಎದುರು ಕೂತವರಿಗೆ ಅವನು ಕೊಡುತ್ತಿದ್ದ ಹದಿನಾರು ಕಾಯಿಗಳೂ ಹಿಂದೆ ಸೋತವರೇ. ರಾಜನ ಕಾಯಿ ಆ ನಾಡಿನ ರಾಜನೇ. ಹೊಡೆತ ಬಿದ್ದ ಕಾಯಿ ಬೂದಿ.

ಸಂಬಾರ ಮಾರುವ ನಾಗಲೆಯ ಗಂಡ ಬಾಚಯ್ಯನೂ ಸೋತು ಕುದುರೆಯಾದ. ನಾಗಲೆ ಅಳುತ್ತ ಕೂರಲಿಲ್ಲ. ಕೋಟೆಬಾಗಿಲಲ್ಲಿ ಎಲ್ಲ ಆಟ ನೋಡಿದ ಗಿಳಿಯಿತ್ತು.

"ಒಂದು ಆಟಕ್ಕೆ ಒಂದು ಮೆಣಸಿನಕಾಯಿ. ಚೌಕಾಸಿ ಇಲ್ಲ, ಅಕ್ಕಾ!" ಎಂದಿತು ಗಿಳಿ.

ಮೊದಲ ಮೆಣಸಿನಕಾಯಿಗೆ ಜಟ್ಟಿಯೊಬ್ಬನ ಆಟ ಹೇಳಿತು. ಎರಡನೆಯದಕ್ಕೆ ಮಂತ್ರಿಯ ಮಗನದು. ಮೂರನೆಯದಕ್ಕೆ ಬಾಚಯ್ಯನದು. ಮೂರಕ್ಕೂ ಆರಂಭ ಒಂದೇ. ಒಂಬತ್ತನೆಯ ನಡೆಗೆ ಮಾಂತ್ರಿಕನ ಒಂಟೆ ಓರೆಯಾಗಿ ಬಂದು ಎದುರಾಳಿಯ ರಾಜನಿಗೆ ಶಹ ಕೊಡುತ್ತದೆ. ಶಹ ಬೀಳದ ರಾಜ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು; ಶಹ ಬಿದ್ದರೆ ಆ ಹಕ್ಕು ಹೋಯಿತು. ಮೂವರೂ ಸೋತದ್ದು ಹಾಗೆಯೇ.

"ಎಂಟನೆಯ ನಡೆಯಲ್ಲೇ ಕುದುರೆಯಿಂದ ಒಂಟೆಯನ್ನು ಹೊಡೆದರೆ?" ಎಂದಳು ನಾಗಲೆ.

"ಆ ಕುದುರೆಯನ್ನು ಅವನ ಕಾಲಾಳು ಹೊಡೆಯುತ್ತಾನೆ. ನಿನ್ನ ಗಂಡನಿಗೂ ಇದು ಗೊತ್ತಿತ್ತು. ಆಗ ಕುದುರೆಯಾಗಿದ್ದವಳು ಒಬ್ಬ ನೇಕಾರ ಮುದುಕಿ. ಅವಳನ್ನು ಕೊಡಲಾರದೆ ಅವನು ಸೋತ. ಅದೇ ಆಟದಲ್ಲಿ ಹತ್ತು ನಡೆ ಕಳೆದು ಅವಳೂ ಬೂದಿಯಾದಳು. ಈಗ ಮಣೆಯ ಮೇಲೆ ಆ ಕುದುರೆಯ ಮನೆಯಲ್ಲಿ ಅವನೇ ನಿಂತಿದ್ದಾನೆ."

ನಾಗಲೆ ಆಟಕ್ಕೆ ಕೂತಳು. ಎಂಟನೆಯ ನಡೆ ಬಂತು. ಅವಳ ಕೈ ಕುದುರೆಯ ಮೇಲೆ ನಿಂತೇಬಿಟ್ಟಿತು.

"ಕುದುರೆಗೆ ಒಂಟೆ. ಸರಿಸಮದ ವ್ಯಾಪಾರ ಕಣೇ," ಎಂದಿತು ಕುದುರೆ, ಬಾಚಯ್ಯನ ದನಿಯಲ್ಲಿ.

"ಸರಿಸಮವಂತೆ! ನಿಮ್ಮ ತೂಕ ನನಗೆ ಗೊತ್ತಿಲ್ಲವೇ?"

"ಗೊತ್ತಿದ್ದರೆ ನಡೆಸು. ಹಿಂದೆ ಹದಿನೈದು ಜನ ಕಾಯುತ್ತಿದ್ದಾರೆ."

ನಡೆಸಿದಳು. ಒಂಟೆ ಬಿತ್ತು. ಕುದುರೆ ಬೂದಿಯಾಯಿತು.

ಆಮೇಲೆ ಒಂದು ಕಾಲಾಳನ್ನೂ ಅವಳು ಕೊಡಲಿಲ್ಲ. ಕೊನೆಗೆ ಶಹ ಕಾಣದ ಅವಳ ರಾಜ ಕುದುರೆಯಂತೆ ಹಾರಿದ; ಅವನ ಬೆನ್ನಿಗಿದ್ದ ಆನೆಗೆ ದಾರಿ ತೆರೆದು ಶಹ ಬಿತ್ತು. ಧೂಮಕಂಠನ ರಾಜನಿಗೆ ಸರಿಯಲು ಮನೆಯಿರಲಿಲ್ಲ. ಮಾಂತ್ರಿಕ ಹೊಗೆಯಾಗಿ ಹೋದ.

"ಏನು ಬೇಕು ಕೇಳು, ತಾಯಿ," ಎಂದ ಮತ್ತೆ ಮನುಷ್ಯನಾಗಿ ಎದ್ದು ನಿಂತ ರಾಜ.

"ಬಾಗಿಲಲ್ಲಿರುವ ಗಿಳಿ."

ಈಗ ದಿನವೂ ಬೆಳಗ್ಗೆ ಗಿಳಿ ಒಂದು ಮೆಣಸಿನಕಾಯಿ ತಿಂದು ಬಾಚಯ್ಯನ ಆಟ ಹೇಳುತ್ತದೆ. ಏಳನೆಯ ನಡೆ ಮುಗಿದೊಡನೆ ನಾಗಲೆ "ಸಾಕು" ಎನ್ನುತ್ತಾಳೆ.

ಆ ಕರಾರಿನಲ್ಲಿ ಬಂದದ್ದಿಷ್ಟು: ನಾಡಿಗೆ ಅದರ ರಾಜ, ಹದಿನಾಲ್ಕು ಮನೆಗಳಿಗೆ ಹದಿನಾಲ್ಕು ಜನ, ನಾಗಲೆಗೆ ಒಂದು ಗಿಳಿ.