ಶಬೀರ್ ಅಂಕಲ್‌ನ ವ್ಯಾಲ್ಯೂ ಎಷ್ಟು?

"ಶಬೀರ್ ಅಂಕಲ್‌ನ ಬಿಟ್ಟುಬಿಡು. ಖಲಾಸ್, ಅವರ ವ್ಯಾಲ್ಯೂ ಈಗ ಝೀರೋ," ಎಂದ ನೈಜೆಲ್, ಲಿಫ್ಟಿನ ಬಟನ್ ಒತ್ತುತ್ತಾ.

"ಝೀರೋ ಹೇಗೆ ಆಗ್ತದೆ? ಈ ಸೀಸನ್‌ನಲ್ಲಿ ಅತಿ ಹೆಚ್ಚು ವಿಕೆಟ್ ಅವರದ್ದೇ ಉಂಟಲ್ಲ!" ಶರ್ಲಿನ್ ಕೇಳಿದಳು.

"ಅದು ಮೊಣಕಾಲು ಸರಿ ಇದ್ದಾಗ. ಅಮೇರಿಕದಲ್ಲಿ ಬೇಸ್‌ಬಾಲ್ ಫ್ಯಾಂಟಸಿ ಆಡುವವರು ಎಂಥ ಮಾಡ್ತಾರೆ ಗೊತ್ತುಂಟಾ? ಬಾಲ್ ಎಸೆಯುವ ಪಿಚ್ಚರ್‌ಗೆ ಇಂಜುರಿ ಆಯ್ತಾ, ಆ ದಿನವೇ ಟೀಮ್‌ನಿಂದ ಔಟ್. ಇದು ಲೀಗ್ ಮಾರಾಯ್ತಿ, ಆಸ್ಪತ್ರೆ ಅಲ್ಲ."

ಅಷ್ಟರಲ್ಲಿ ಲಿಫ್ಟ್ ಮೂರನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಎದುರಿಗೆ ನಶ್ರಾ ನಿಂತಿದ್ದಳು. ಶಬೀರ್ ಅಂಕಲ್‌ನ ಮಗಳು, ಅವರನ್ನು 'ಉಪ್ಪ' ಎಂದು ಕರೆಯುವವಳು. ಅವಳಿಗೆ ಎಲ್ಲವೂ ಕೇಳಿಸಿತ್ತು ಎಂದು ಅವಳ ಮುಖವೇ ಹೇಳುತ್ತಿತ್ತು.

"ನಶ್ರಾ, ಬಾ," ಎಂದಳು ಶರ್ಲಿನ್ ಮೆಲ್ಲಗೆ.

"ಬೇಡ. ನಾನು ಮೆಟ್ಟಿಲಲ್ಲಿ ಹೋಗ್ತೇನೆ."

ಬಾಗಿಲು ಮುಚ್ಚಿಕೊಂಡಿತು.

ಈ ಲೀಗ್ ಶುರು ಮಾಡಿದವನು ನೈಜೆಲ್. ಎಂಟನೇ ಕ್ಲಾಸ್. ಯೂಟ್ಯೂಬ್‌ನಲ್ಲಿ ಫ್ಯಾಂಟಸಿ ಬೇಸ್‌ಬಾಲ್ ನೋಡಿ ಅವನಿಗೆ ಹುಚ್ಚು ಹಿಡಿದಿತ್ತು. ಆದರೆ ಅಮೇರಿಕದ ಆ ಆಟಗಾರರು ಗಲ್ಫಿನ ಬ್ನೇದ್ ಅಲ್ ಗಾರ್ ಏರಿಯಾದ ಈ ಬಿಲ್ಡಿಂಗಿನಲ್ಲಿ ಯಾರಿಗೆ ಗೊತ್ತು? ಹಾಗಾಗಿ ಅವನು ಅಪ್ಪಂದಿರ ಕ್ರಿಕೆಟ್ ಟೀಮನ್ನೇ ಹಿಡಿದುಕೊಂಡ.

ಬಿಲ್ಡಿಂಗಿನ ಅಂಕಲ್‌ಗಳು ಪ್ರತಿ ಶುಕ್ರವಾರ ಬೆಳಿಗ್ಗೆ ಸುಲೈಬಿಯಾದ ಮರಳು ಗ್ರೌಂಡಿನಲ್ಲಿ ಆಡುತ್ತಿದ್ದರು. ಟೀಮಿನ ಹೆಸರು ಕೋಸ್ಟಲ್ ಫ್ರೆಂಡ್ಸ್. ಈ ಮೂವರು ಮಕ್ಕಳು ಅವರನ್ನು ಹಂಚಿಕೊಂಡಿದ್ದರು, ಒಬ್ಬೊಬ್ಬರಿಗೆ ಮೂರು ಅಂಕಲ್. ನಿಮ್ಮ ಅಂಕಲ್ ವಿಕೆಟ್ ತೆಗೆದರೆ ನಿಮಗೆ ಹತ್ತು ಪಾಯಿಂಟ್. ಕ್ಯಾಚ್ ಹಿಡಿದರೆ ಐದು. ರನ್ನಿಗೆ ಒಂದೊಂದು. ಗೆದ್ದವರಿಗೆ ಅಂದಿನಿಂದಲೇ ಮುಂದಿನ ಸೀಸನ್ ಮುಗಿಯುವವರೆಗೆ ಕ್ಯಾಪ್ಟನ್ ಪಾಯಸ್ ಅಂಕಲ್‌ನ ವ್ಯಾನಿನಲ್ಲಿ ಮುಂದಿನ ಸೀಟು. ಕಡೆಗೆ ಬಂದವರು ಐಸ್‌ಬಾಕ್ಸ್ ಹೊರಬೇಕು.

ಒಂದೇ ಒಂದು ಗಟ್ಟಿ ರೂಲ್ ಇತ್ತು. ಸ್ವಂತ ಅಪ್ಪನನ್ನು ತೆಗೆದುಕೊಳ್ಳುವ ಹಾಗಿಲ್ಲ. ಇಲ್ಲದಿದ್ದರೆ ಎಲ್ಲರೂ ತಮ್ಮ ತಮ್ಮ ಅಪ್ಪನನ್ನೇ ಹಿಡಿದುಕೊಂಡು ಜಗಳ ಆಗುತ್ತಿತ್ತು.

ಹೀಗೆ ಫಾಸ್ಟ್ ಬೌಲರ್ ಶಬೀರ್ ಅಂಕಲ್ ಶರ್ಲಿನ್‌ಳ ಪಾಲಿಗೆ ಬಂದಿದ್ದರು. ಅವರ ವಿಕೆಟ್‌ಗಳಿಂದಲೇ ಅವಳು ನೈಜೆಲ್‌ನ ಬೆನ್ನು ಹತ್ತಿದ್ದಳು. ಈಗ ಈ ಶುಕ್ರವಾರ ಫೈನಲ್. ಹೋದ ಮ್ಯಾಚಿನಲ್ಲಿ ಓಡಿ ಬರುವಾಗ ಮರಳಿನಲ್ಲಿ ಕಾಲು ಹೊರಳಿ ಶಬೀರ್ ಅಂಕಲ್‌ನ ಮೊಣಕಾಲು ಊದಿಕೊಂಡಿತ್ತು.

ಅದೇ ವಾರ ಟೀಮಿಗೆ ಹೊಸಬರೊಬ್ಬರು ಬಂದರು. ಅಝರುದ್ದೀನ್ ಭಾಯಿ. ವಯಸ್ಸು ಚಿಕ್ಕದು, ಬಾಲ್ ಎಸೆದರೆ ಗುಂಡಿನ ಹಾಗೆ. ಹೊಸಬರನ್ನು ಬೇಕಾದವರು ತೆಗೆದುಕೊಳ್ಳಬಹುದು, ಆದರೆ ತಮ್ಮ ಮೂವರಲ್ಲಿ ಒಬ್ಬರನ್ನು ಬಿಡಬೇಕು. ಪಾಯಿಂಟ್ ಕಡಿಮೆ ಇದ್ದವರಿಗೆ ಮೊದಲ ಚಾನ್ಸ್.

"ನಶ್ರಾ ಲಾಸ್ಟ್ ಇದ್ದಾಳೆ, ಅವಳಿಗೇ ಫಸ್ಟ್ ಕೇಳಿದೆ. ಬೇಡ ಅಂದಳು, ಪೆದ್ದು," ಎಂದಿದ್ದ ನೈಜೆಲ್, ಲಿಫ್ಟ್ ಹತ್ತುವ ಮೊದಲು. "ಈಗ ನಿನ್ನ ಚಾನ್ಸ್. ನಾಳೆ ಸಂಜೆಯ ಒಳಗೆ ಮೆಸೇಜ್ ಮಾಡು. ನೀನು ತಗೊಳ್ಳದಿದ್ರೆ ನಾನು ತಗೊಳ್ತೇನೆ."

ಮರುದಿನ ಸ್ಕೂಲ್ ಬಸ್ಸಿನಲ್ಲಿ ನಶ್ರಾ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಐದನೇ ಕ್ಲಾಸಿಗೆ ಬಂದ ಮೇಲೆ ಇಬ್ಬರೂ ಮಾತಾಡದೆ ಬಸ್ಸಿನಲ್ಲಿ ಹೋದ ಮೊದಲ ದಿನ ಅದು.

ಕೊನೆಗೆ ಶರ್ಲಿನ್‌ಗೆ ತಡೆಯಲಾಗಲಿಲ್ಲ. "ನಾನು ನಿನ್ನ ಉಪ್ಪನನ್ನು ಬಿಡುವುದಿಲ್ಲ, ಆಯ್ತಾ?"

"ಯಾಕೆ?"

"ಯಾಕೆ ಅಂದ್ರೆ... ನೀನು ನನ್ನ ಫ್ರೆಂಡ್ ಅಲ್ವಾ."

ನಶ್ರಾ ತಿರುಗಿದಳು. ಕಣ್ಣು ಕೆಂಪಾಗಿತ್ತು. "ಪಾಪ ಅಂತ ಇಟ್ಕೊಳ್ಬೇಡ. ಉಪ್ಪನಿಗೆ ಯಾರಾದರೂ ಪಾಪ ಅಂದ್ರೆ ಆಗುವುದೇ ಇಲ್ಲ. ನನಗೂ ಆಗುವುದಿಲ್ಲ."

ಬಿಟ್ಟರೆ ತಪ್ಪು. ಪಾಪ ಅಂತ ಇಟ್ಟುಕೊಂಡರೆ ಅದೂ ತಪ್ಪು. ಹಾಗಾದರೆ ಮಾಡುವುದೇನು?

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳು ಮಮ್ಮಿಯನ್ನು ಕೇಳಿದಳು. ಮಮ್ಮಿಯ ಹೆಸರು ಗರ್ಟ್ರೂಡ್, ಆಸ್ಪತ್ರೆಯಲ್ಲಿ ನರ್ಸ್.

"ಮಮ್ಮಿ, ಮೊಣಕಾಲು ಊದಿದವರು ಬೌಲಿಂಗ್ ಮಾಡಬಹುದಾ?"

"ಡಾಕ್ಟರ್ ಶಬೀರ್‌ಗೆ ಓಡಬಾರದು ಅಂತ ಹೇಳಿದ್ದಾರಂತೆ. ನಡೀಬಹುದು, ನಿಲ್ಲಬಹುದು." ಮಮ್ಮಿ ಮೀನಿನ ಮುಳ್ಳು ತೆಗೆಯುತ್ತಾ ಹೇಳಿದರು. "ನೋವು ಕಾಲಿಗೆ ಅಲ್ವಾ? ಕೈಗೆ ಎಂಥ ಆಗಿದೆ?"

ಕೈಗೆ ಎಂಥ ಆಗಿದೆ! ಶರ್ಲಿನ್ ತುತ್ತನ್ನು ತಟ್ಟೆಗೇ ಇಳಿಸಿದಳು. ಝೀರೋ ಎಂದ ನೈಜೆಲ್, ಶಬೀರ್ ಅಂಕಲ್‌ನ ಕೈ ನೋಡಿದ್ದನೇ? ತಾನಾದರೂ ನೋಡಿದ್ದಳೇ?

ಸಂಜೆಯಾಗುತ್ತಿದ್ದಂತೆ ಕಸದ ಚೀಲ ಹಿಡಿದು ಕೆಳಗಿಳಿದಳು. ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ಟೊಕ್, ಟೊಕ್ ಎಂದು ಸದ್ದು ಬರುತ್ತಿತ್ತು. ಕಂಬದ ಹಿಂದಿನಿಂದ ಇಣುಕಿದಳು.

ಶಬೀರ್ ಅಂಕಲ್ ಮೊಣಕಾಲಿಗೆ ಕಪ್ಪು ನೀ-ಕ್ಯಾಪ್ ಹಾಕಿಕೊಂಡು ನಿಂತಿದ್ದರು. ಖಾಲಿ ಎಣ್ಣೆ ಡಬ್ಬ ವಿಕೆಟ್ ಆಗಿತ್ತು. ಬ್ಯಾಟ್ ಹಿಡಿದವಳು ನಶ್ರಾ. ಅಂಕಲ್ ಓಡಲಿಲ್ಲ. ಎರಡು ಹೆಜ್ಜೆ ಕುಂಟುತ್ತಾ ನಡೆದು, ಕೈ ತಿರುಗಿಸಿ ಟೇಪ್ ಸುತ್ತಿದ ಬಾಲ್ ಬಿಟ್ಟರು. ಬಾಲ್ ನಿಧಾನವಾಗಿ ಬಂತು. ನೆಲಕ್ಕೆ ಬಿದ್ದದ್ದೇ ಬಲಕ್ಕೆ ಹೊರಳಿ ಡಬ್ಬಕ್ಕೆ ಬಡಿಯಿತು.

"ಯಾರದು ಕಂಬದ ಹಿಂದೆ? ಶರ್ಲಿನ್ ಅಲ್ವಾ?" ಅಂಕಲ್ ನಕ್ಕರು. "ಬಾ ಮಗಳೇ. ನನ್ನನ್ನು ಮಾರಿಬಿಡ್ತೀಯಂತೆ? ಒಳ್ಳೆ ರೇಟ್ ಬಂದ್ರೆ ಕೊಟ್ಟುಬಿಡು, ಹ್ಞಾಂ!"

ನಗುತ್ತಲೇ ಹೇಳಿದ್ದರು. ಆದರೆ ಮಾತು ಮುಗಿದ ಮೇಲೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಶರ್ಲಿನ್ ಕಸದ ಚೀಲವನ್ನು ಕೆಳಗಿಟ್ಟಳು.

"ಅಂಕಲ್, ನಾನು ಬ್ಯಾಟಿಂಗ್ ಮಾಡ್ಲಾ?"

ನಶ್ರಾ ಬ್ಯಾಟ್ ಕೊಟ್ಟಳು. ಮೊದಲ ಬಾಲ್, ಡಬ್ಬ ಢಣ್ ಎಂದಿತು. ಎರಡನೆಯದು ಬಲಕ್ಕೆ ಹೊರಳುತ್ತದೆಂದು ಕಾದರೆ ನೆಟ್ಟಗೆ ಬಂದು ಢಣ್ ಎಂದಿತು. ಮೂರನೆಯದನ್ನು ಅವಳು ಜೋರಾಗಿ ಬೀಸಿದಳು. ಗಾಳಿಗೆ ಹೊಡೆದಳು.

"ಅಂಕಲ್, ಇದು ಯಾವಾಗ ಕಲಿತದ್ದು?"

"ಇದೇ ನಂದು ಹಳೇ ಬೌಲಿಂಗ್. ಉಳ್ಳಾಲದಲ್ಲಿ ಇದ್ದಾಗ ನಾನು ಸ್ಪಿನ್ನರ್. ಇಲ್ಲಿಗೆ ಬಂದಾಗ ಟೀಮ್‌ಗೆ ಫಾಸ್ಟ್ ಬೌಲರ್ ಬೇಕಿತ್ತು. ಸರಿ, ಫಾಸ್ಟ್ ಆದೆ."

ಶರ್ಲಿನ್ ಮೇಲೆ ಬಂದಳು. ಆದರೂ ಅನುಮಾನ ಬಿಡಲಿಲ್ಲ. ಪಾರ್ಕಿಂಗ್‌ನ ನೆಲ ಬೇರೆ, ಗ್ರೌಂಡ್ ಬೇರೆ. ಗ್ರೌಂಡಿನಲ್ಲಿ ಸಿಮೆಂಟ್ ಪಿಚ್ಚಿನ ಮೇಲೆ ಹಸಿರು ಮ್ಯಾಟ್ ಹಾಸಿರುತ್ತದೆ. ಅದರ ಮೇಲೆ ಬರಿಗಾಲಿನಲ್ಲಿ ನಿಂತಾಗ ಪಾದ ಚುರುಚುರು ಎಂದದ್ದು ಅವಳಿಗೆ ನೆನಪಾಯಿತು. ಮನೆಯ ಬಾಗಿಲ ಮುಂದಿನ ಡೋರ್‌ಮ್ಯಾಟ್ ಹಾಗೆಯೇ ಒರಟು.

ಅವಳು ಮೊದಲು ನುಣುಪಾದ ಟೈಲ್ಸಿನ ಮೇಲೆ ಬಾಲನ್ನು ತಿರುಗಿಸಿ ಬಿಟ್ಟಳು. ಸ್ವಲ್ಪ ಹೊರಳಿತು. ಆಮೇಲೆ ಡೋರ್‌ಮ್ಯಾಟಿನ ಮೇಲೆ ಬಿಟ್ಟಳು. ಬಾಲ್ ಮ್ಯಾಟನ್ನು ಕಚ್ಚಿ ಹಿಡಿದು ಚಂಗನೆ ಪಕ್ಕಕ್ಕೆ ಹಾರಿ ಶೂ ರ‍್ಯಾಕಿನೊಳಗೆ ಹೋಗಿ ಬಿತ್ತು.

"ಎಂಥದು ಅದು ಬಾಗಿಲಲ್ಲಿ?" ಮಮ್ಮಿ ಒಳಗಿನಿಂದ ಕೂಗಿದರು.

"ವ್ಯಾಲ್ಯೂ ನೋಡ್ತಾ ಇದ್ದೇನೆ ಮಮ್ಮಿ!"

ಡ್ಯಾಡಿಯ ಫೋನ್ ತೆಗೆದುಕೊಂಡು ನೈಜೆಲ್‌ಗೆ ಮೆಸೇಜ್ ಮಾಡಿದಳು. 'ಶಬೀರ್ ಅಂಕಲ್ ನನ್ನ ಟೀಮಿನಲ್ಲೇ.' ತಕ್ಷಣ ಉತ್ತರ ಬಂತು. 'ಥ್ಯಾಂಕ್ಯೂ! ಅಝರ್ ಭಾಯಿ ನನ್ನವರು,' ಜೊತೆಗೆ ನಗುವ ಮುಖಗಳ ಸಾಲು.

ಶುಕ್ರವಾರ ಬೆಳಿಗ್ಗೆ ಸಣ್ಣಗೆ ಧೂಳು ಏಳುತ್ತಿತ್ತು. ಜುಮಾ ನಮಾಝಿನ ಮೊದಲು ಮ್ಯಾಚ್ ಮುಗಿಯಬೇಕು, ಹಾಗಾಗಿ ಬೇಗನೆ ಶುರುವಾಯಿತು. ಕೋಸ್ಟಲ್ ಫ್ರೆಂಡ್ಸ್ ಮೊದಲು ಬ್ಯಾಟ್ ಮಾಡಿತು. ಶರ್ಲಿನ್‌ಳ ಡ್ಯಾಡಿ ಮಥಾಯಸ್ ಎಂದಿನಂತೆ ಸೊನ್ನೆಗೆ ಔಟಾದರು. ಎಂದಿನಂತೆ ಹೆಲ್ಮೆಟ್ ತೆಗೆದು ಎಲ್ಲರಿಗೂ ಕೈ ಬೀಸುತ್ತಾ ಬಂದರು.

ಎದುರಿನ ಸಾಲ್ಮಿಯಾ ಟೀಮ್ ಬ್ಯಾಟಿಂಗ್‌ಗೆ ಇಳಿಯಿತು. ಅಝರುದ್ದೀನ್ ಭಾಯಿ ಬಂದವರೇ ಎರಡು ವಿಕೆಟ್ ಕಿತ್ತರು. ನೈಜೆಲ್ ಐಸ್‌ಬಾಕ್ಸಿನ ಮೇಲೆ ಹತ್ತಿ ಕುಣಿದ. "ನಾನು ಇಪ್ಪತ್ತೈದು ಪಾಯಿಂಟ್ ಮುಂದೆ! ಯಲ್ಲಾ, ಬೇಗ ಶರ್ಲಿನ್, ಮುಂದಿನ ಸೀಟಿಗೆ ಗುಡ್‌ಬೈ ಹೇಳು!"

ಆದರೆ ಬ್ಯಾಟ್ಸ್‌ಮನ್‌ಗಳಿಗೆ ಆ ವೇಗ ಅಭ್ಯಾಸವಾಯಿತು. ಜೋರಾಗಿ ಬಂದ ಬಾಲ್ ಅಷ್ಟೇ ಜೋರಾಗಿ ಬೌಂಡರಿಗೆ ಹೋಗತೊಡಗಿತು. ಆಗ ಕ್ಯಾಪ್ಟನ್ ಪಾಯಸ್ ಅಂಕಲ್ ತಲೆ ಕೆರೆದುಕೊಂಡು, ವಿಕೆಟ್ ಹತ್ತಿರ ಸುಮ್ಮನೆ ನಿಂತಿದ್ದ ಶಬೀರ್ ಅಂಕಲ್ ಕೈಗೆ ಬಾಲ್ ಕೊಟ್ಟರು.

ಅಂಕಲ್ ಎರಡು ಹೆಜ್ಜೆ ಕುಂಟಿದರು. ಬಾಲ್ ಬಂತು. ಸಿಕ್ಸರ್!

ಸಾಲ್ಮಿಯಾದವರು ನಕ್ಕರು. "ಭಾಯಿ, ಬಾಲ್ ಕೋ ಟ್ಯಾಕ್ಸಿ ಮೇ ಭೇಜಾ ಕ್ಯಾ?" ಎಂದು ಒಬ್ಬ ಕೂಗಿದ, ಬಾಲ್ ಟ್ಯಾಕ್ಸಿ ಹತ್ತಿ ಬಂದಷ್ಟು ನಿಧಾನ ಅಂತ. ನಶ್ರಾ ಶರ್ಲಿನ್‌ಳ ಕೈ ಹಿಡಿದಳು. ಬಸ್ಸಿನ ಜಗಳದ ನಂತರ ಮೊದಲ ಸಲ.

"ಇನ್ನೊಂದು ಬಾಲ್ ನೋಡು. ಮ್ಯಾಟ್ ಕಚ್ಚುತ್ತದೆ," ಎಂದಳು ಶರ್ಲಿನ್.

ಮತ್ತೆ ಎರಡು ಹೆಜ್ಜೆ. ಸಿಕ್ಸರ್ ಹೊಡೆದವನು ಮತ್ತೆ ಬ್ಯಾಟ್ ಎತ್ತಿದ. ಬಾಲ್ ಮ್ಯಾಟಿಗೆ ಬಿದ್ದು ಚಂಗನೆ ಹೊರಳಿತು. ಸ್ಟಂಪ್ ಮಲಗಿತು!

ಮುಂದಿನ ಓವರಿನಲ್ಲಿ ಇನ್ನೊಬ್ಬ ನೆಟ್ಟಗೆ ಬಂದ ಬಾಲಿಗೆ ಬೌಲ್ಡ್. ಈಗ ಯಾರೂ ನಗುತ್ತಿರಲಿಲ್ಲ. ಆ ಕಡೆ ಇನ್ನೂ ಕೆಲವು ವಿಕೆಟ್ ರನ್‌ಔಟಿನಲ್ಲಿ ಹೋದವು. ಕೊನೆಗೆ ಉಳಿದದ್ದು ಒಂದೇ ವಿಕೆಟ್. ಸಾಲ್ಮಿಯಾಕ್ಕೆ ಬೇಕಾದದ್ದು ಮೂರು ರನ್. ಬಾಲ್ ಶಬೀರ್ ಅಂಕಲ್ ಕೈಯಲ್ಲಿ.

ಬ್ಯಾಟ್ಸ್‌ಮನ್ ಕಣ್ಣು ಮುಚ್ಚಿ ಬೀಸಿದ. ಬಾಲ್ ಆಕಾಶಕ್ಕೆ ಹೋಯಿತು. ಧೂಳಿನಲ್ಲಿ ಒಂದು ಕ್ಷಣ ಕಾಣಲೇ ಇಲ್ಲ. ಅದರ ಕೆಳಗೆ ಕೈ ಚಾಚಿ ಓಡುತ್ತಿದ್ದವರು ಮಥಾಯಸ್.

"ಅಯ್ಯೋ, ಡ್ಯಾಡಿ!" ಶರ್ಲಿನ್ ಕಣ್ಣು ಮುಚ್ಚಿಕೊಂಡಳು. ಡ್ಯಾಡಿ ಬಾಲನ್ನು ಬಿಸಿ ಇಡ್ಲಿಯ ಹಾಗೆ ಹಿಡಿಯುತ್ತಿದ್ದರು, ಮುಟ್ಟಿದ ಕೂಡಲೇ ಬಿಟ್ಟುಬಿಡುತ್ತಿದ್ದರು. ಈ ಸೀಸನ್‌ನಲ್ಲಿ ಒಂದೇ ಒಂದು ಕ್ಯಾಚ್ ಹಿಡಿದಿರಲಿಲ್ಲ.

"ಮಥಾಯಸ್ ಅಂಕಲ್! ಹಿಡೀರಿ! ಹಿಡೀರಿ!" ನಶ್ರಾ ಗಂಟಲು ಹರಿಯುವಂತೆ ಕೂಗುತ್ತಿದ್ದಳು.

ಆಮೇಲೆ ಗ್ರೌಂಡ್ ಪೂರ್ತಿ ಕೂಗಿತು. ಶರ್ಲಿನ್ ಕಣ್ಣು ಬಿಟ್ಟಳು. ಡ್ಯಾಡಿ ಮರಳಿನಲ್ಲಿ ಬೋರಲು ಬಿದ್ದಿದ್ದರು. ಎರಡೂ ಕೈ ಮೇಲಿದ್ದವು. ಕೈಯಲ್ಲಿ ಬಾಲ್ ಇತ್ತು!

ಪಾಯಸ್ ಅಂಕಲ್ ಮತ್ತು ಅಝರುದ್ದೀನ್ ಭಾಯಿ ಶಬೀರ್ ಅಂಕಲ್‌ನನ್ನು ಹೆಗಲ ಮೇಲೆ ಎತ್ತಿಕೊಂಡರು. "ಕಾಲು, ಕಾಲು, ಜಾಗ್ರತೆ ಮಾರಾಯ್ರೇ!" ಎಂದು ಅವರು ನಗುತ್ತಾ ಕಿರುಚುತ್ತಿದ್ದರು. ಈ ಸಲ ಅವರ ನಗು ನಿಲ್ಲಲೇ ಇಲ್ಲ.

ನೈಜೆಲ್ ಮೊಬೈಲಿನಲ್ಲಿ ಎರಡು ಸಲ ಲೆಕ್ಕ ಮಾಡಿದ. ಆಮೇಲೆ ಶರ್ಲಿನ್‌ಗೆ ಕೈ ಕೊಟ್ಟ. "ಐದು ಪಾಯಿಂಟ್‌ನಲ್ಲಿ ಗೆದ್ದಿ ಮಾರಾಯ್ತಿ. ಒಳ್ಳೇ ಪಿಕ್." ಮತ್ತೆ ನಶ್ರಾಳ ಕಡೆ ತಿರುಗಿದ. "ಮಥಾಯಸ್ ಅಂಕಲ್‌ನ ಕ್ಯಾಚ್ ನಿಂಗೆ ಐದು. ಆದರೂ ನೀನು ಲಾಸ್ಟೇ. ಅವತ್ತು ಅವರನ್ನು ಬಿಟ್ಟು ಅಝರ್ ಭಾಯಿಯನ್ನು ತಗೊಂಡಿದ್ರೆ?"

"ಬಿಡ್ಲಿಕ್ಕೆ ಎಂಥಕ್ಕೆ?" ನಶ್ರಾ ಹುಬ್ಬು ಗಂಟಿಕ್ಕಿದಳು. "ಅವರು ಪ್ರತಿ ಬಾಲಿಗೂ ಓಡ್ತಾರೆ. ಒಂದಿನ ಹಿಡೀತಾರೆ ಅಂತ ನಂಗೆ ಗೊತ್ತಿತ್ತು."

ಶರ್ಲಿನ್ ನೈಜೆಲ್‌ನ ಮೊಬೈಲಿನಲ್ಲಿದ್ದ ಪಟ್ಟಿ ನೋಡಿದಳು. ಸೀಸನ್ ಶುರುವಾದಾಗಿನಿಂದ ಡ್ಯಾಡಿಯ ಹೆಸರಿನ ಮುಂದೆ ನಾಲ್ಕೋ ಐದೋ ರನ್ ಮಾತ್ರ. ಆ ಹೆಸರು ನಶ್ರಾಳ ಟೀಮಿನಿಂದ ಒಂದು ವಾರವೂ ಕದಲಿರಲಿಲ್ಲ. ಅದನ್ನು ಶರ್ಲಿನ್ ಪ್ರತಿ ವಾರ ನೋಡಿದ್ದಳು. ನಿಜವಾಗಿ ಕಂಡದ್ದು ಇವತ್ತೇ.

"ಯಲ್ಲಾ, ಯಲ್ಲಾ, ನಮಾಝಿಗೆ ಲೇಟ್ ಆಗ್ತದೆ!" ಪಾಯಸ್ ಅಂಕಲ್ ವ್ಯಾನಿನ ಹಾರ್ನ್ ಹೊಡೆದರು. ಮುಂದಿನ ಬಾಗಿಲು ಶರ್ಲಿನ್‌ಗಾಗಿ ತೆರೆದೇ ಇತ್ತು.

ನಶ್ರಾ ಐಸ್‌ಬಾಕ್ಸ್ ಎತ್ತಿಕೊಂಡಳು. ಶರ್ಲಿನ್ ಓಡಿ ಹೋಗಿ ಅದರ ಇನ್ನೊಂದು ಹಿಡಿ ಹಿಡಿದಳು.

"ಖಾಲಿ ಉಂಟು ಮಾರಾಯ್ತಿ, ನಾನೊಬ್ಬಳೇ ಹೊರ್ತೇನೆ," ಎಂದಳು ನಶ್ರಾ.

"ಗೊತ್ತುಂಟು," ಎಂದಳು ಶರ್ಲಿನ್.

ಹಿಡಿ ಬಿಡಲಿಲ್ಲ.