ಲೇಟ್ ಅಂದ್ರ

“ಲೇಟ್ ಬಾಬುಮಿಯಾ, ವಾಡಿ.”

ಹೊಸ ಸ್ಟೀಲ್ ಡ್ರಮ್ಮಿನ ಮೇಲೆ ಕೆತ್ತಿದ್ದನ್ನು ಸುನಿತಾ ಜೋರಾಗಿ ಓದಿದಳು. ನೀರಿಗೆ ನಿಂತಿದ್ದ ಐದನೇ ಕ್ಲಾಸಿನ ಮಕ್ಕಳೆಲ್ಲ ತಿರುಗಿ ನೋಡಿದರು. ಬೆಳಿಗ್ಗೆಯಷ್ಟೇ ಮಹೆವಿಶಳ ಅಜ್ಜ ಆ ಡ್ರಮ್ಮನ್ನು ಆಟೋದಲ್ಲಿ ತಂದು ಶಾಲೆಗೆ ಕೊಟ್ಟುಹೋಗಿದ್ದರು. ಮಹೆವಿಶ ಶಹಾಬಾದಿನಿಂದ ವಾಡಿಗೆ ಬಂದು ಈ ಶಾಲೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ.

“ಬಾಬುಮಿಯಾ ಅಂದ್ರ ಯಾರು?” ಸುನಿತಾ ಕೇಳಿದಳು.

“ನಮ್ಮ ಅಬ್ಬಾ,” ಅಂದಳು ಮಹೆವಿಶ.

“ನಮ್ಮಪ್ಪನೂ ದಿನಾ ಲೇಟೇ. ಡ್ಯೂಟಿ ಮುಗಿಸಿ ಯಾವಾಗ ಬರ್ತಾನೋ ಗೊತ್ತೇ ಇಲ್ಲ. ಡ್ರಮ್ಮಿನ ಮ್ಯಾಲೆ ಬರಸೋ ಅಷ್ಟು ಲೇಟಾಗಿ ಬರ್ತಾರೇನು ನಿಮ್ಮಪ್ಪ?”

ಎಲ್ಲರೂ ನಕ್ಕರು. ಮಹೆವಿಶ ಲೋಟದ ನೀರನ್ನು ಕುಡಿಯದೆ ಗಿಡದ ಬುಡಕ್ಕೆ ಚೆಲ್ಲಿ ಒಳಗೆ ಹೋದಳು.

ಸಂಜೆ ಸುನಿತಾಳ ಅವ್ವ ಜಯಮಾಲಾ ರೊಟ್ಟಿ ಬಡಿಯುತ್ತಿದ್ದಳು. ಸುನಿತಾ ನಡೆದಿದ್ದನ್ನು ಹೇಳಿದಳು. ರೊಟ್ಟಿಯ ಸಪ್ಪಳ ನಿಂತಿತು.

“ತೀರಿಕೊಂಡವರ ಹೆಸರಿನ ಮುಂದನೂ ಲೇಟ್ ಅಂತ ಬರೀತಾರ, ಯವ್ವ. ಆ ಹುಡುಗಿಗಿ ಅಪ್ಪ ಇಲ್ಲ.”

“ಮತ್ತ ನಮ್ಮ ಇಂಗ್ಲಿಷ್ ಬುಕ್ಕಿನಾಗ ಲೇಟ್ ಅಂದ್ರ ತಡ ಅಂತ ಅದ?”

“ಅದೂ ಖರೇ, ಇದೂ ಖರೇ.”

ಸುನಿತಾ ಮುಂದಿದ್ದ ರೊಟ್ಟಿಯನ್ನು ಮುರಿಯಲೇ ಇಲ್ಲ.

“ನಾನು ಎಲ್ಲರಿಗೂ ನಗಸಿಬಿಟ್ಟೆ, ಅವ್ವ.”

“ನಾಳಿ ಹೋಗಿ ಮಾತಾಡ್ಸು,” ಅಂದಳು ಅವ್ವ.

ಮರುದಿನ ಸುನಿತಾ ಬೇಗ ಶಾಲೆಗೆ ಹೋದಾಗ ಮಹೆವಿಶ ಬೇವಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು.

“ಸಾರಿ ಮಹೆವಿಶ. ಲೇಟ್ ಅಂದ್ರ ತಡ ಅಂತನೇ ತಿಳ್ಕೊಂಡಿದ್ದೆ.”

ಮಹೆವಿಶ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು.

“ನಾನೂ ಹಂಗೇ ತಿಳ್ಕೊಂಡಿದ್ದೆ, ಸಣ್ಣಾಕಿ ಇದ್ದಾಗ,” ಅಂದಳು. “ದಾದಾ, ನಮ್ಮಜ್ಜ, ಫೋನಿನಾಗ ಯಾರಿಗೋ ‘ಲೇಟ್ ಬಾಬುಮಿಯಾ’ ಅಂದ್ರು. ಲೇಟಾದ್ರೂ ಬರ್ತಾರಲ್ಲ ಅಂತ ಬಾಗಿಲದಾಗ ಕುಂತಿದ್ದೆ.”

ಸುನಿತಾ ಪಕ್ಕದಲ್ಲಿ ಕೂತಳು. ಪ್ರೇಯರಿಗೆ ಇನ್ನೂ ಹೊತ್ತಿತ್ತು.

“ನಿಮ್ಮ ಅಬ್ಬಾ ಹೆಂಗಿದ್ರು?” ಮೆಲ್ಲಗೆ ಕೇಳಿದಳು.

ಮಹೆವಿಶ ತಿರುಗಿ ನೋಡಿದಳು. ಈ ಶಾಲೆಯಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

“ಭಾಳ ಜೋರಾಗಿ ಸೀನ್ತಿದ್ರು. ಬಾಜೂ ಮನಿ ಆಡು ಹಗ್ಗ ಹರ್ಕೊಂಡು ಓಡ್ತಿತ್ತು.”

ಸುನಿತಾಳಿಗೆ ನಗು ಉಕ್ಕಿ ಬಂತು. ತಡೆದುಕೊಂಡು ಮಹೆವಿಶಳ ಮುಖ ನೋಡಿದಳು. ಅವಳು ನಕ್ಕ ಮೇಲೆ ತಾನೂ ನಕ್ಕಳು.