ಜಾರಿ ಬಿದ್ದವರು

ಆ ಕಾಫಿ ಎಸ್ಟೇಟಿನಲ್ಲಿ ಯಾರೂ ಜೀಪಿನಿಂದ ಬಿದ್ದವರಿಲ್ಲ. ಎಲ್ಲರೂ ಜಾರಿ ಬಿದ್ದವರೇ. ಕರಿಯಕ್ಕನ ಹೆಗಲಿನ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿದ್ದು ಹಳ್ಳದಲ್ಲಿ ಜಾರಿ. ಬೂತಪ್ಪನ ಮೊಣಕೈ ಮಡಚದಂತಾಗಿದ್ದು ಕಣದಲ್ಲಿ ಜಾರಿ. ಆಸ್ಪತ್ರೆಯಲ್ಲಿ ಹೀಗೇ ಹೇಳಬೇಕೆಂದು ಮ್ಯಾನೇಜರ್ ಗಂಗಾಧರ್ ಕಲಿಸಿಕೊಡುತ್ತಿದ್ದರು. ಹೇಳದವರಿಗೆ ಮರುದಿನದಿಂದ ಕೆಲಸವಿಲ್ಲ.

೨೦೦೫ರ ಬೇಸಿಗೆಯಲ್ಲಿ ಮಾಲತಿಯ ಸರದಿ ಬಂತು.

ಕೊಪ್ಪದ ಆಸ್ಪತ್ರೆಯ ಮಂಚದ ಮೇಲೆ ಅವಳ ಬಲಗಾಲು ತೊಡೆಯಿಂದ ಪಾದದವರೆಗೆ ಪ್ಲಾಸ್ಟರಿನಲ್ಲಿತ್ತು. ಗೊಬ್ಬರದ ಮೂಟೆಗಳನ್ನೂ ಮೂಟೆಗಳ ಮೇಲೆ ಹೆಂಗಸರನ್ನೂ ಹೇರಿಕೊಂಡು ಭಂಡಿಗಡಿಯ ಮೇಲಿನ ಗುಡ್ಡ ಹತ್ತುತ್ತಿದ್ದ ಜೀಪು ಹಿಂದಕ್ಕೆ ಸರಿದು, ಮಗುಚಿ, ಅವಳ ಮೊಣಕಾಲನ್ನು ಅಡಿಗೆ ಹಾಕಿಕೊಂಡಿತ್ತು. ಕಾಲು ಇನ್ನು ಪೂರ್ತಿ ಮಡಚುವುದಿಲ್ಲ ಎಂದಿದ್ದರು ಡಾಕ್ಟರು.

ಜೀಪು ಓಡಿಸುತ್ತಿದ್ದವನು ಸತೀಶ.

ಬೆಳಿಗ್ಗೆ ಗಂಗಾಧರ್ ಬಂದು, ಸಂಜೆ ಪೊಲೀಸರು ಹೇಳಿಕೆ ತೆಗೆದುಕೊಳ್ಳುತ್ತಾರೆ, ಕಣದಲ್ಲಿ ಜಾರಿದೆ ಎಂದರೆ ಸಾಕು ಎಂದಿದ್ದರು. ಜೀಪಿನ ಸುದ್ದಿ ಎತ್ತಿದರೆ ಓನರಿಗೇನೂ ಆಗುವುದಿಲ್ಲ, ಒಳಗೆ ಹೋಗುವವನು ನಿನ್ನ ಡ್ರೈವರು ಎಂದು ನಗುತ್ತಲೇ ಸೇರಿಸಿದ್ದರು.

ನಿನ್ನ ಡ್ರೈವರು. ಎಸ್ಟೇಟಿಗೆಲ್ಲ ಗೊತ್ತಿದ್ದದ್ದೇ. ಸತೀಶ ಜೀಪಿನ ಕನ್ನಡಿಯನ್ನು ರಸ್ತೆಯ ಬದಲು ಅವಳ ಮುಖಕ್ಕೆ ತಿರುಗಿಸಿಡುತ್ತಿದ್ದ. ಅವಳು ಬೇಕೆಂದೇ ಕರಿಯಕ್ಕನ ಬೆನ್ನ ಹಿಂದೆ ಅಡಗುವಳು. ಕನ್ನಡಿಯಲ್ಲಿ ಅವನ ಹುಬ್ಬು ಗಂಟಿಕ್ಕುವುದು. ಆಗ ಒಂದೇ ಒಂದು ಕಣ್ಣನ್ನು ಹೊರಗಿಟ್ಟು ನೋಡುವಳು. ಅಷ್ಟಕ್ಕೇ ಅವನ ಕಿವಿ ಕೆಂಪು.

ಮಧ್ಯಾಹ್ನ ಅವನು ಮೋಸಂಬಿ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಾಗ ಮಾಲತಿ ಗೋಡೆಗೆ ಮುಖ ತಿರುಗಿಸಿದಳು.

"ಗಂಗಾಧರ್ ಕಳಿಸಿದ್ರಾ?"

"ಅವ್ರು ಕಳಿಸಿದ್ರೆ ಅವ್ರ ಬೈಕಲ್ಲಿ ಬರ್ತಿದ್ದೆ. ಬಸ್ಸಲ್ಲಿ ನಿಂತ್ಕಂಡು ಬಂದಿದೀನಿ ಮಾರಾಯ್ತಿ."

ಅವಳು ತಿರುಗಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು ಹಣ್ಣು ಸುಲಿದ. ಕೊಡಲು ಧೈರ್ಯ ಸಾಲದೆ ಕೈಯಲ್ಲೇ ಇಟ್ಟುಕೊಂಡ. ಬಿದ್ದ ದಿನದಿಂದ ಕೊರೆಯುತ್ತಿದ್ದುದನ್ನು ಅವಳು ಗೋಡೆಗೇ ಕೇಳಿದಳು.

"ಅವತ್ತು ನನ್ನ ನೋಡ್ತಾ ಇದ್ಯಾ?"

"ಇಲ್ಲ." ಅವನ ದನಿ ತಗ್ಗಿತು. "ಬ್ರೇಕ್ ತುಳೀತಿದ್ದೆ. ಹಿಡೀಲಿಲ್ಲ. ಕಾಫಿ ಕುಯ್ಲಿನ ಹೊತ್ತಿಂದ ಹೇಳ್ತಾ ಬಂದೆ, ರಿಪೇರಿ ಮಾಡಿಸಿಕೊಡಲಿಲ್ಲ. ಆದ್ರೂ ಓಡಿಸ್ದೆ."

ಆಗ ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ದನಿ ಒಣಗಿತ್ತು. "ನಾನು ನಿಜ ಹೇಳಿದ್ರೆ ಒಳಗೆ ಹೋಗೋನು ನೀನು."

"ಹೇಳು. ನೀ ಸುಳ್ಳು ಹೇಳಿ ನನ್ನ ಉಳಿಸಿದ್ರೆ, ನಾಳೆ ಇನ್ನೊಬ್ಬಳನ್ನ ಆ ಮೂಟೆ ಮೇಲೆ ಕೂರಿಸ್ಕಂಡು ನಾನೇ ಹೋಗ್ಬೇಕು. ನನ್ನ ಹೆಸ್ರು ಮೊದ್ಲು ಹೇಳು. ಆಮೇಲೆ ಓನರ್ದು."

ಅವನಿಗೆ ಲೈಸೆನ್ಸ್ ಬಿಟ್ಟರೆ ಬೇರೆ ಆಸ್ತಿಯಿರಲಿಲ್ಲ. ಮಾಲತಿ ಕೈ ಚಾಚಿ, ಅವನು ಸುಲಿದಿಟ್ಟ ಹಣ್ಣನ್ನು ತೆಗೆದುಕೊಂಡಳು.

ಸಂಜೆ ಅವಳು ಎಲ್ಲವನ್ನೂ ಹೇಳಿದಳು. ಇನ್ನೊಮ್ಮೆ ಯೋಚನೆ ಮಾಡಮ್ಮ ಎಂದ ಪೇದೆಗೆ, ಬರ್ಕೊಳ್ಳಿ ಎಂದಳು. ಸಾಮಾನಿನ ಗಾಡಿಯಲ್ಲಿ ಜನರನ್ನು ತುಂಬಬಾರದೆಂಬ ಕಾನೂನು ಮೊದಲಿನಿಂದಲೂ ಇತ್ತು. ಅದು ಟಾರು ರಸ್ತೆ ಮುಗಿಯುವಲ್ಲೇ ನಿಂತುಬಿಡುತ್ತಿತ್ತು. ಅದನ್ನು ಗುಡ್ಡ ಹತ್ತಿಸಲು ಒಬ್ಬಳ ಮೊಣಕಾಲು ಬೇಕಾಯಿತು. ಮರುವಾರ ಕರಿಯಕ್ಕ ಸ್ಟೇಷನ್ನಿಗೆ ಹೋಗಿ, ಸೆರಗು ಸರಿಸಿ, ತನ್ನ ಸೊಟ್ಟ ಹೆಗಲನ್ನು ತೋರಿಸಿದಳು.

ಮೂವರ ಕೆಲಸವೂ ಹೋಯಿತು. ಸತೀಶ ಮೊದಲನೇ ಆರೋಪಿ, ಓನರ್ ಎರಡನೆಯವರು.

ವಿಚಾರಣೆಯ ದಿನ ಮಾಲತಿ ಮತ್ತು ಸತೀಶ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಬಂದಿಳಿದರು. ಕೋರ್ಟಿನ ಮೆಟ್ಟಿಲಲ್ಲಿ ಅವಳ ಕಾಲು ತಡೆಯಿತು. ಅವನು ತೋಳು ಕೊಟ್ಟ. ಓನರ್ ಕಡೆಯ ವಕೀಲರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿ, ಇವರು ನಿಮಗೇನಾಗಬೇಕು ಎಂದು ಅವಳನ್ನು ಕೇಳಿದರು.

"ಆರೋಪಿ," ಎಂದಳು ಮಾಲತಿ. "ಬರೋ ತಿಂಗಳು ಗಂಡ."

ಸತೀಶನಿಗೂ ಅದು ಹೊಸ ಸುದ್ದಿ. ಅವನು ಮೆಟ್ಟಿಲ ಮೇಲೆ ಕಲ್ಲಿನಂತೆ ನಿಂತುಬಿಟ್ಟ.

ಅವಳು ಅವನ ತೋಳು ಜಗ್ಗಿದಳು. "ನಡಿ ಮಾರಾಯ. ಒಳಗೆ ನಿನ್ನ ಹೆಸ್ರು ಕೂಗ್ತಿದಾರೆ."